ಬಿಲ್ಲೆಯ ಅಂಚು ಓದೋಣ

ಹಾಸ್ಟೆಲ್ ಗೆಳೆಯರೆ,

ಕಳೆದ ರಜೆಯಲ್ಲಿ ನಾವು ಏಳೆಂಟು ಜನ ಹುಡುಗರು ಒಂದು ವಸ್ತುಸಂಗ್ರಹಾಲಯ ನೋಡೋಕೆ ಹೋಗಿದ್ದೆವು. ಕಡೂರಿನವರು ಮೂವರು, ತರೀಕೆರೆಯವರು ಇಬ್ಬರು, ಉಳಿದವರು ಅಜ್ಜಂಪುರದ ಕಡೆಯವರು. ಯಾವ ವಸ್ತುಸಂಗ್ರಹಾಲಯ ಅಂತ ಹೆಸರು ಹೇಳೋದಿಲ್ಲ. ಯಾಕಂದರೆ ನನ್ನ ತಕರಾರು ಆ ಒಂದು ಕಟ್ಟಡದ ಮೇಲಲ್ಲ. ರಾಜರ ಕತ್ತಿ, ರಾಣಿಯರ ಪಲ್ಲಕ್ಕಿ, ಯಾರೋ ದೊರೆ ಕೊಂದ ಹುಲಿಯ ತಲೆ, ಇದನ್ನೆಲ್ಲ ನೋಡಿ ಮುಗಿಸಿ ಕೊನೆಯ ಕೋಣೆಗೆ ಬಂದರೆ ಅಲ್ಲೊಂದು ಗಾಜಿನ ಪೆಟ್ಟಿಗೆ. ಒಳಗೆ ಕೆಂಪು ಬಟ್ಟೆ. ಬಟ್ಟೆ ಮೇಲೆ ಹತ್ತು ಹನ್ನೆರಡು ಪದಕ. ಪಕ್ಕದಲ್ಲಿ ಒಂದು ಚೀಟಿ: ‘ಯುದ್ಧ ಸ್ಮರಣಾರ್ಥ ಪದಕಗಳು’. ಅಷ್ಟೆ. ಯಾವ ಯುದ್ಧ, ಯಾರು ಕೊಟ್ಟದ್ದು, ಯಾರ ಎದೆಯ ಮೇಲಿದ್ದದ್ದು, ಒಂದಕ್ಷರ ಇಲ್ಲ.

ನಾನು ಬಗ್ಗಿ ನೋಡ್ತಿದ್ದೆ. ಕಾವಲಿನವನು ಬಂದು ‘ಗಾಜು ಮುಟ್ಟಬೇಡ್ರಪ್ಪ’ ಅಂದ. ಪಾಪ, ಅವನ ಕೆಲಸ ಅವನು ಮಾಡಿದ. ಆದರೆ ಮುಟ್ಟಬೇಡ ಅನ್ನೋ ಮಾತು ಕಿವಿಗೆ ಬಿದ್ದ ಕೂಡಲೆ ನಮ್ಮಂಥವರಿಗೆ ಬೇರೆ ಏನೇನೋ ನೆನಪಾಗುತ್ತೆ. ಗಾಜು ಮುಟ್ಟಲಿಲ್ಲ. ವಾಪಸು ಬಂದ ಮೇಲೆ ಲೈಬ್ರರಿಯಲ್ಲಿ ಕೂತು ಆ ಪದಕಗಳ ಚರಿತ್ರೆ ಹುಡುಕಿದೆ. ಸಿಕ್ಕಿದ್ದನ್ನ ನಿಮ್ಮ ಮುಂದೆ ಇಡ್ತೀನಿ. ಆಮೇಲೆ ಈ ಪದಕಗಳನ್ನ ಏನು ಮಾಡೋಣ ಅಂತ ಸೇರಿ ಯೋಚನೆ ಮಾಡೋಣ.

ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿದ್ದ ಪದಕದ ಮೇಲೆ ಒಂದು ಸಿಂಹ ಹುಲಿಯನ್ನ ಕೆಡವಿ ಅದರ ಮೇಲೆ ನಿಂತಿದೆ. ಇದು ಶ್ರೀರಂಗಪಟ್ಟಣದ ಪದಕ. 1799ರ ಮೇ 4ರಂದು ಟಿಪ್ಪು ಸುಲ್ತಾನ ಸತ್ತ ದಿನದ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಮಾಡಿಸಿದ್ದು. ಅಚ್ಚು ಕೊರೆದವನು ಕುಕ್ಲರ್ ಅನ್ನೋನು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನ ಸೋಹೋ ಟಂಕಸಾಲೆಗಾಗಿ. ಸಿಂಹ ಅಂದರೆ ಇಂಗ್ಲಿಷರು, ಹುಲಿ ಅಂದರೆ ಟಿಪ್ಪು. ಸಿಂಹದ ಮೇಲೆ ಹಾರೋ ಬಾವುಟದಲ್ಲಿ ಅರಬ್ಬಿ ಅಕ್ಷರ ಇದೆ. ದೇವರ ಸಿಂಹವೇ ಗೆಲ್ಲುವುದು ಅಂತ ಅದರ ಅರ್ಥ. ವಿಚಿತ್ರ ನೋಡಿ, ಇದೇ ಮಾತನ್ನ ಟಿಪ್ಪು ತನ್ನ ಹುಲಿಮುಖದ ಲಾಂಛನದಲ್ಲಿ ಬರೆಸಿಕೊಂಡಿದ್ದ. ಸೋತವನ ಮಾತನ್ನೇ ಕಿತ್ಕೊಂಡು ಗೆದ್ದವನು ತನ್ನ ಬಾವುಟಕ್ಕೆ ಹಾಕ್ಕೊಂಡ. ಪದಕದ ಹಿಂಬದಿಯಲ್ಲಿ ಕೋಟೆ ಒಡೆದು ನುಗ್ಗುವ ಚಿತ್ರ, ಕೆಳಗೆ ಪಾರಸಿಯಲ್ಲಿ ಬರಹ.

ಪದಕದ ಬಗ್ಗೆ ಬರೆಯೋರೆಲ್ಲ ಈ ಸಿಂಹ ಹುಲಿಯ ಹತ್ತಿರವೇ ನಿಂತುಬಿಡ್ತಾರೆ. ನಾವು ಇನ್ನೂ ಒಂದು ಹೆಜ್ಜೆ ಹತ್ತಿರ ಹೋಗಿ ಲೋಹ ಯಾವುದು ಅಂತ ಕೇಳಬೇಕು. ಯಾಕಂದರೆ ಚಿತ್ರ ಎಲ್ಲರಿಗೂ ಒಂದೇ, ಲೋಹ ಮಾತ್ರ ಬೇರೆ ಬೇರೆ. ಚಿನ್ನದ್ದು ಎಲ್ಲರಿಗಿಂತ ಮೇಲಿದ್ದ ಜನರಲ್‌ಗಳಿಗೆ. ಬೆಳ್ಳಿಗೆ ಚಿನ್ನದ ನೀರು ಕುಡಿಸಿದ್ದು ಅವರ ಕೆಳಗಿನ ಹಿರಿಯ ಅಧಿಕಾರಿಗಳಿಗೆ. ಬರೀ ಬೆಳ್ಳಿಯದು ಕಿರಿಯ ಅಧಿಕಾರಿಗಳಿಗೆ. ಕಂಚಿನದು ಅವರಿಗಿಂತ ಕೆಳಗಿನವರಿಗೆ. ಕೋಟೆ ಗೋಡೆ ಹತ್ತಿ ಗುಂಡಿಗೆ ಎದೆ ಕೊಟ್ಟ ಸಾಮಾನ್ಯ ಸಿಪಾಯಿಗೆ ತವರ. ಒಂದು, ಎರಡು, ಮೂರು, ನಾಲ್ಕು, ಐದು. ಎಣಿಸಿದರೆ ಎಲ್ಲೋ ಕೇಳಿದ ಲೆಕ್ಕ ಅನ್ನಿಸೋದಿಲ್ವಾ? ತಲೆಯಿಂದ ಹುಟ್ಟಿದವರು, ತೋಳಿನಿಂದ ಹುಟ್ಟಿದವರು, ತೊಡೆಯಿಂದ, ಪಾದದಿಂದ ಅನ್ನೋ ಲೆಕ್ಕ ನಮ್ಮ ದೇಶದಲ್ಲಿ ಮೊದಲೇ ಇತ್ತು. ಪರಂಗಿಯವನು ಅದೇ ಲೆಕ್ಕವನ್ನ ಲೋಹದಲ್ಲಿ ಎರಕ ಹೊಯ್ದ. ಮನುವಿಗೂ ಕಂಪನಿಗೂ ನಂಟು ಕಲಿಸೋ ಆಸೆ ನನಗಿಲ್ಲ. ಮೇಲಿನವನನ್ನ ಮೇಲೆ, ಕೆಳಗಿನವನನ್ನ ಕೆಳಗೆ ಇಟ್ಟುಕೊಂಡು ಇಬ್ಬರಿಗೂ ಒಂದೇ ಚಿತ್ರ ತೋರಿಸಿ ‘ನಾವೆಲ್ಲ ಒಂದು’ ಅನ್ನೋ ಉಪಾಯ ಇಬ್ಬರಿಗೂ ಗೊತ್ತಿತ್ತು ಅಂತ ಹೇಳ್ತಿದ್ದೀನಿ, ಅಷ್ಟೆ.

ಐದನೆಯ ಲೋಹದ ಕೆಳಗೂ ಜನ ಇದ್ದರು. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಂದ ಸೈನ್ಯದ ಹಿಂದೆ ಸೈನಿಕರಿಗಿಂತ ಹೆಚ್ಚು ಜನ ನಡೆದು ಬಂದರು. ನೀರು ಹೊರೋರು, ಹುಲ್ಲು ಕೊಯ್ಯೋರು, ಡೋಲಿ ಹೊರೋರು, ಚರ್ಮದ ಕೆಲಸದವರು, ಕಸ ಬಳಿಯೋರು, ಎತ್ತು ಹೊಡೆಯೋರು. ಹತ್ತಾರು ಸಾವಿರ ಎತ್ತುಗಳು ಅಕ್ಕಿ, ಮದ್ದು, ಗುಂಡು ಹೊತ್ತವು. ಇವರಿಗೆ ತವರವೂ ಇಲ್ಲ.

ಎತ್ತಿನ ಮಾತು ಬಂದರೆ ನಮ್ಮ ಸೀಮೆಯನ್ನ ಬಿಟ್ಟು ಮಾತಾಡೋಕಾಗಲ್ಲ. ಅಜ್ಜಂಪುರದಲ್ಲಿ ಇವತ್ತಿಗೂ ಅಮೃತಮಹಲ್ ತಳಿಯ ಕೇಂದ್ರ ಇದೆ. ಬೀರೂರು, ಕಡೂರು, ತರೀಕೆರೆ ಸುತ್ತ ಅಮೃತಮಹಲ್ ಕಾವಲು ಅನ್ನೋ ಹುಲ್ಲುಗಾವಲುಗಳು ಇವೆ. ನಮ್ಮಲ್ಲಿ ಎಷ್ಟೋ ಜನ ಆ ಕಾವಲಿನ ಅಂಚಿನಲ್ಲೇ ಹುಟ್ಟಿ ಬೆಳೆದವರು. ಮೈಸೂರು ದೊರೆಗಳ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಅಂತಿದ್ದದ್ದಕ್ಕೆ ಅಮೃತಮಹಲ್ ಅಂತ ಹೆಸರಿಟ್ಟವನು ಟಿಪ್ಪು. ಹೈದರ, ಟಿಪ್ಪು ಇಬ್ಬರ ಫಿರಂಗಿಯನ್ನೂ ಎಳೆದದ್ದು ಈ ಎತ್ತುಗಳೇ. ಅವರ ಸೈನ್ಯ ಬಿರುಗಾಳಿ ಥರ ಓಡಾಡಿದ್ದಕ್ಕೆ ಈ ಎತ್ತಿನ ಕಾಲೇ ಕಾರಣ ಅಂತ ಇಂಗ್ಲಿಷರೇ ಬರೆದಿದ್ದಾರೆ. 1799 ಆದ ಮೇಲೆ ಕೆಲವೇ ವರ್ಷಗಳಲ್ಲಿ ಇದೇ ದನಗಳು ಕಂಪನಿಯ ಸೈನ್ಯದ ಕೈ ಸೇರಿದವು, ಆಗ ಕಂಪನಿಯ ಫಿರಂಗಿ ಎಳೆದವು. ಎತ್ತಿಗೆ ಯಾವ ಪಕ್ಷ? ನೊಗ ಹೂಡಿದವನ ಪಕ್ಷ. ಆ ನೊಗಕ್ಕೆ ಮಿಣಿ ಹೊಸೆದವರು, ಸತ್ತ ಎತ್ತನ್ನ ಎಳೆದು ಸುಲಿದವರು ನಮ್ಮ ಹೊಲೆಮಾದಿಗರ ಕೇರಿಯವರು. ಪದಕದ ಮೇಲೆ ಸಿಂಹ ಇದೆ, ಹುಲಿ ಇದೆ. ಎಳೆದ ಎತ್ತು ಇಲ್ಲ, ಎತ್ತಿನ ಹಿಂದೆ ನಡೆದವನು ಮೊದಲೇ ಇಲ್ಲ.

ಪದಕ ಕೊಡೋ ಕೈ ಇನ್ನೊಂದು ಕೆಲಸವನ್ನೂ ಮಾಡುತ್ತೆ. 1830ರ ನಗರ ದಂಗೆಯಲ್ಲಿ ಸೇರಿದ ತರೀಕೆರೆಯ ಪಾಳೆಯಗಾರ ಸರ್ಜಾ ಹನುಮಪ್ಪ ನಾಯಕನನ್ನ 1834ರಲ್ಲಿ ನೇಣಿಗೆ ಹಾಕಿದರು. ಗೆದ್ದವನ ಜೊತೆಗಿದ್ದವನ ಎದೆಗೆ ಬಿಲ್ಲೆ, ಎದುರು ನಿಂತವನ ಕುತ್ತಿಗೆಗೆ ಹಗ್ಗ. ಗಾಜಿನ ಪೆಟ್ಟಿಗೆಯಲ್ಲಿ ಬಿಲ್ಲೆ ಇಡ್ತಾರೆ. ಹಗ್ಗ ಇಡಲ್ಲ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಆ ಪೆಟ್ಟಿಗೆಯಲ್ಲಿ ಇನ್ನೊಂದು ಪದಕ ಇತ್ತು. ಅದನ್ನ ನೋಡಿ ನನಗೆ ಮೈ ಜುಮ್ಮೆಂದಿತು. ಯಾಕೆ ಅನ್ನೋಕೆ ನಮ್ಮ ಮನೆಯ ಒಂದು ಕತೆ ಹೇಳಬೇಕು.

ನಮ್ಮ ತಾತನ ತಾತ ಬಸ್ರಾಕ್ಕೆ ಹೋಗಿದ್ದನಂತೆ. ಮೊದಲನೇ ಮಹಾಯುದ್ಧದ ಕಾಲ. ಬಂದೂಕು ಹಿಡಿಯೋಕಲ್ಲ, ಮೂಟೆ ಹೊರೋಕೆ. ಸಂಬಳ ಸಿಗುತ್ತೆ, ಹೊಟ್ಟೆ ತುಂಬ ಅನ್ನ ಸಿಗುತ್ತೆ ಅಂತ ಯಾರೋ ಹೇಳಿದ್ದನ್ನ ನಂಬಿ ಹಡಗು ಹತ್ತಿದ. ತಿರುಗಿ ಬಂದಾಗ ಅವನ ಹತ್ತಿರ ಒಂದು ಬಿಲ್ಲೆ ಇತ್ತಂತೆ. ಅಜ್ಜಿ ಈ ಕತೆ ಹೇಳೋವಾಗೆಲ್ಲ ನಗ್ತಾಳೆ:

‘ಒಂದ್ಕಡೆ ರಾಜನ ಮಕ ಇತ್ತಂತೆ ಕಣ್ಲಾ ಮಗ. ಹಿಂದ್ಗಡೆ ನೋಡುದ್ರೆ ಒಬ್ಬ ಬೆತ್ಲೆ ಗಂಡ್ಸು ಕುದ್ರೆ ಮ್ಯಾಲೆ ಕುಂತವ್ನಂತೆ! ನಮ್ಮತ್ತೆ ಕಣ್ಣಾರೆ ನೋಡಿದ್ಲು. ಮನೇಲಿ ಹೆಣ್ಮಕ್ಳು ಇರ್ತಾರೆ ಅಂತ ನಾಚ್ಕೊಂಡು ಅದನ್ನ ರಾಗಿ ಮಡಿಕೆಲಿ ಮುಚ್ಚಿಡ್ತಿದ್ರಂತೆ.’

ಬರಗಾಲ ಬಂದಾಗ ಆ ಮಡಕೆಯ ರಾಗಿ ಮುಗೀತು. ಬಿಲ್ಲೆ ಉಳೀತು. ಸಾಹುಕಾರನ ಹತ್ತಿರ ಅಡ ಇಟ್ಟು ನಾಲ್ಕು ಸೇರು ರಾಗಿ ತಂದರು. ಬಿಡಿಸಿಕೊಳ್ಳೋಕಾಗಲಿಲ್ಲ. ಕಂಚು ತಾನೆ, ಕರಗಿಸಿ ಯಾವುದೋ ಎತ್ತಿನ ಕೊರಳ ಗಂಟೆ ಮಾಡಿರಬೇಕು ಅಂತಾಳೆ ಅಜ್ಜಿ.

ಇದನ್ನ ಚಿಕ್ಕಂದಿನಿಂದ ಕೇಳಿ ಅಜ್ಜಿಯ ಕಟ್ಟುಕತೆ ಅಂದುಕೊಂಡಿದ್ದೆ. ಬೆತ್ತಲೆ ಗಂಡಸಿನ ಪದಕ ಯಾವ ರಾಜ ಕೊಡ್ತಾನೆ? ಆದರೆ ಆ ಗಾಜಿನೊಳಗೆ ಅದೇ ಬೆತ್ತಲೆ ಸವಾರ ಇದ್ದ! ಓದಿದ ಮೇಲೆ ಗೊತ್ತಾಯ್ತು, ಅದು 1914ರಿಂದ 1918ರ ಯುದ್ಧಕ್ಕೆ ಬ್ರಿಟಿಷ್ ಸರ್ಕಾರ ಕೊಟ್ಟ ಪದಕ. ಮುಂದೆ ಐದನೇ ಜಾರ್ಜ್ ದೊರೆಯ ತಲೆ. ಹಿಂದೆ ಬೆತ್ತಲೆ ಸವಾರ. ಕುದುರೆಯ ಕಾಲ ಕೆಳಗೆ ಶತ್ರುವಿನ ಗುರಾಣಿ, ತಲೆಬುರುಡೆ, ಮೂಳೆ. ಇದರಲ್ಲೂ ಲೋಹದ ಮೇಲು ಕೀಳು ಇದೆ. ಸುಮಾರು 65 ಲಕ್ಷ ಪದಕ ಬೆಳ್ಳಿಯವು. ಸುಮಾರು 1 ಲಕ್ಷ 10 ಸಾವಿರ ಮಾತ್ರ ಕಂಚಿನವು. ಆ ಕಂಚು ಯಾರಿಗೆ? ಚೀನಾದ, ಮಾಲ್ಟಾದ, ಭಾರತದ ಕೂಲಿ ದಳಗಳಿಗೆ. ಹಳ್ಳ ತೋಡಿದವರು, ರೈಲುಹಳಿ ಹಾಕಿದವರು, ಹಡಗಿನಿಂದ ಮೂಟೆ ಇಳಿಸಿದವರು. ಆ ಯುದ್ಧಕ್ಕೆ ಈ ದೇಶದಿಂದ ಹೋದ ಹದಿಮೂರು ಹದಿನಾಲ್ಕು ಲಕ್ಷ ಜನರಲ್ಲಿ 5 ಲಕ್ಷಕ್ಕೂ ಹೆಚ್ಚು ಮಂದಿ ಇಂಥ ಬಂದೂಕಿಲ್ಲದವರೇ.

ಇದೂ ಹೊಸ ಪದ್ಧತಿ ಏನಲ್ಲ. 1885ರಲ್ಲಿ ಶುರುವಾದ ಬರ್ಮಾ ಯುದ್ಧದ ಪದಕದಲ್ಲೂ ಹೋರಾಡಿದವನಿಗೆ ಬೆಳ್ಳಿ, ಹಿಂದೆ ನೀರು ಹೊತ್ತವನಿಗೆ, ಕಸ ಬಳಿದವನಿಗೆ ಕಂಚು. ಒಂದೇ ಗುಂಡು ಇಬ್ಬರನ್ನೂ ಕೊಲ್ಲುತ್ತೆ. ಪದಕದ ಲೋಹ ಮಾತ್ರ ಬೇರೆ.

ಈಗ ಅಂಚಿನ ವಿಷಯಕ್ಕೆ ಬರ್ತೀನಿ. ಶ್ರೀರಂಗಪಟ್ಟಣದ ಪದಕದಲ್ಲಿ ಪಡೆದವನ ಹೆಸರು ಕೊರೆದಿರಲಿಲ್ಲ. ಆಮೇಲಿನ ಪದಕಗಳ ಅಂಚಿನ ಸುತ್ತ ಸಣ್ಣ ಅಕ್ಷರದಲ್ಲಿ ಪಡೆದವನ ನಂಬರು, ಹೆಸರು, ಕೆಲಸ, ದಳ ಒತ್ತೋ ರೂಢಿ ಬಂತು. ಭಿಸ್ತಿ ಇಂಥವನು, ಸ್ವೀಪರ್ ಇಂಥವನು ಅಂತ ಆ ಅಂಚಿನಲ್ಲಿ ಇರುತ್ತೆ. ಪದಕದಲ್ಲೂ ಕುಲಕಸುಬು ಬಿಡಲಿಲ್ಲ ನೋಡಿ! ಚೀನೀ ಕೂಲಿಗಳ ಪಾಡು ಇನ್ನೂ ಕಡೆ, ಅವರ ಕಂಚಿನ ಅಂಚಿನಲ್ಲಿ ಹೆಸರೂ ಇಲ್ಲ, ಬರೀ ನಂಬರು.

ಆದರೂ ಗೆಳೆಯರೆ, ಒಂದು ಮಾತು ಯೋಚನೆ ಮಾಡಿ. ನಮ್ಮ ವಂಶದಲ್ಲಿ ಮೊಟ್ಟಮೊದಲು ಒಬ್ಬನ ಹೆಸರು ಅಕ್ಷರವಾಗಿ ಬಿದ್ದದ್ದು ಆ ಕಂಚಿನ ಅಂಚಿನಲ್ಲೇ ಇರಬೇಕು. ಓದು ಬರಹ ಇಲ್ಲದ ಮನೆ. ಪಹಣಿಯಲ್ಲಿ ಹೆಸರಿಲ್ಲ, ಯಾಕಂದರೆ ಜಮೀನಿಲ್ಲ. ದೇವಸ್ಥಾನದ ಕಲ್ಲಿನಲ್ಲಿ ಹೆಸರಿಲ್ಲ, ಯಾಕಂದರೆ ಒಳಗೆ ಬಿಟ್ಟಿಲ್ಲ. ಶಾಲೆಯ ಹಾಜರಿಯಲ್ಲಿ ಹೆಸರಿಲ್ಲ. ಆ ಅಂಚನ್ನ ಅವನೂ ಓದಲಾರ, ಅವನ ಮಗನೂ ಓದಲಾರ. ಓದೋಕೆ ಬರುವ ನಾನು ಹುಟ್ಟೋ ಹೊತ್ತಿಗೆ ಅದು ಗಂಟೆಯಾಗಿ ಯಾವ ಎತ್ತಿನ ಕೊರಳಲ್ಲೋ ಸವೆದು ಹೋಗಿತ್ತು. ಮೊದಲು ನನಗೆ ಬೆಳ್ಳಿ ಕೊಡಲಿಲ್ಲ ಅಂತ ಸಿಟ್ಟು ಬಂದಿತ್ತು. ಈಗ ಬರೋ ಸಿಟ್ಟು ನಾಲ್ಕು ಸೇರು ರಾಗಿಗೆ ಒಂದು ಹೆಸರು ಹೋಯಿತಲ್ಲ ಅಂತ.

ನಮ್ಮ ಊರುಗಳಲ್ಲಿ ಇದಕ್ಕಿಂತ ಹಳೆಯ ಪದಕಗಳಿವೆ. ವೀರಗಲ್ಲುಗಳು. ಹೊಲದ ಬದುವಿನಲ್ಲಿ, ಕೆರೆ ಏರಿ ಮೇಲೆ, ಹನುಮಪ್ಪನ ಗುಡಿ ಹಿಂದೆ ನೀವೂ ನೋಡಿರ್ತೀರಿ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ಎಷ್ಟೋ ಸಲ ತುರು ಹಿಡಿಯೋಕೆ ಬಂದವರ ಜೊತೆ. ನಡುವೆ ಅಪ್ಸರೆಯರು ಅವನನ್ನ ಹೊತ್ತು ಹೋಗೋದು. ಮೇಲೆ ಶಿವನ ಸನ್ನಿಧಿ. ಸತ್ತವನ ಮನೆಯವರಿಗೆ ಭೂಮಿ ಕೊಡೋ ಪದ್ಧತಿಯೂ ಇತ್ತು. ಅದಕ್ಕೆ ನೆತ್ತರುಗೊಡಗೆ ಅನ್ನೋ ಹೆಸರು. ನೆತ್ತರಿಗೆ ಬದಲು ನೆಲ. ಆ ಕಾಲವೇನೂ ಸ್ವರ್ಗವಲ್ಲ, ರಾಜರ ಹೊಗಳಿಕೆ ಮಾಡೋಕೂ ನಾನು ಕೂತಿಲ್ಲ. ಆದರೆ ನೆನಪು ಅಂದರೆ ಕಲ್ಲು ಒಂದೇ ಅಲ್ಲ, ಕಲ್ಲಿನ ಜೊತೆ ಉಳಿದವರ ಹೊಟ್ಟೆಪಾಡು ಅನ್ನೋ ತಿಳಿವಳಿಕೆ ಆ ಒಂದು ಪದದಲ್ಲಿದೆ. ಬಸ್ರಾದ ಬಿಲ್ಲೆಯ ಹಿಂದೆ ನಮ್ಮ ಮನೆಗೆ ಒಂದು ಗುಂಟೆ ನೆಲವೂ ಬರಲಿಲ್ಲ. ಬಂದಿದ್ದರೆ ಬಿಲ್ಲೆ ಅಡ ಇಡೋ ಗತಿ ಬರ್ತಿರಲಿಲ್ಲ.

ಮಂಡ್ಯ ಸೀಮೆಯ ಆತಕೂರಿನಲ್ಲಿ ಹತ್ತನೇ ಶತಮಾನದ ಒಂದು ಕಲ್ಲು ಸಿಕ್ಕಿತು. ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಹಂದಿಯ ಜೊತೆ ಕಾದಾಡಿ ಸತ್ತ ಒಂದು ಬೇಟೆನಾಯಿಯ ನೆನಪಿನ ಕಲ್ಲು. ನಾಯಿಯ ಹೆಸರು ಕಾಳಿ. ಸಾವಿರ ವರ್ಷವಾದರೂ ಆ ಹೆಸರು ಓದಬಹುದು. ಆ ನಾಯಿಯ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಅದು ಧೈರ್ಯದ ನಾಯಿ. ಒಂದು ನಾಯಿಯ ಹೆಸರನ್ನ ಸಾವಿರ ವರ್ಷ ಕಾಪಾಡೋಕೆ ಗೊತ್ತಿರುವ ನಾಡಿಗೆ ನೂರು ವರ್ಷದ ಹಿಂದೆ ಹೋದ ಮೂಟೆ ಹೊರೋನ ಹೆಸರು ಕಾಪಾಡೋಕೆ ಯಾಕೆ ಬರಲಿಲ್ಲ ಅನ್ನೋದು ನನ್ನ ಪ್ರಶ್ನೆ.

ಇದನ್ನೆಲ್ಲ ಹಾಸ್ಟೆಲ್‌ನಲ್ಲಿ ಓದಿ ಹೇಳಿದಾಗ ಒಬ್ಬ ಗೆಳೆಯ ಸಿಟ್ಟಾದ. ‘ಬ್ರಿಟಿಷರ ಬೂಟು ನೆಕ್ಕಿದ್ದಕ್ಕೆ ಕೊಟ್ಟ ಬಿಲ್ಲೆ ಅದು. ಗುಲಾಮಗಿರಿಯ ಗುರುತು. ಅದಕ್ಕೆ ಅಳ್ತೀಯಲ್ಲ’ ಅಂದ. ಇನ್ನೊಬ್ಬ ಎದ್ದು ‘ಹಾಗಾದರೆ ಕೋರೆಗಾಂವ್?’ ಅಂದ. ಜಗಳ ಊಟದ ಗಂಟೆ ಹೊಡೆಯೋವರೆಗೂ ನಡೀತು. ಇಬ್ಬರಿಗೂ ಉತ್ತರ ಹೇಳಬೇಕು.

ಕೋರೆಗಾಂವ್‌ನಲ್ಲಿ 1818ರ ಜನವರಿ 1ರಂದು ಪೇಶ್ವೆಯ ಸೈನ್ಯದ ಎದುರು ಕಂಪನಿಯ ಪಡೆ ನಿಂತಿತು. ಆ ಪಡೆಯಲ್ಲಿ ಮಹಾರ್ ಸೈನಿಕರು ಬಹಳ ಮಂದಿ ಇದ್ದರು. ಅಲ್ಲಿ ಕಂಬ ನಿಲ್ಲಿಸಿ ಸತ್ತವರ ಹೆಸರು ಕೆತ್ತಿಸಿದರು. ಪದಕದ ವಿಷಯ ಕೇಳಿ: ಆ ಕದನಕ್ಕೆ ಪದಕ ಅಂತ ಘೋಷಣೆಯಾದದ್ದು 1851ರಲ್ಲಿ, 33 ವರ್ಷ ಕಳೆದ ಮೇಲೆ, ಅದೂ ಅಷ್ಟು ದಿನ ಬದುಕಿದ್ದವರಿಗೆ. ಆಮೇಲೆ 1892ರ ಸುಮಾರಿಗೆ ಇದೇ ಮಹಾರರಿಗೆ ‘ನೀವು ಯೋಧ ಜಾತಿಯಲ್ಲ’ ಅಂತ ಸೈನ್ಯದ ಬಾಗಿಲು ಮುಚ್ಚಿದರು. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರು ಅದೇ ಸೈನ್ಯದಲ್ಲಿ ಸುಬೇದಾರರಾಗಿದ್ದವರು. 1927ರ ಜನವರಿ 1ರಂದು ಬಾಬಾಸಾಹೇಬರು ಆ ಕಂಬದ ಹತ್ತಿರ ಹೋದದ್ದು ಕಂಪನಿಗೆ ಸಲಾಮು ಹೊಡೆಯೋಕಲ್ಲ. ಆ ಕಂಬದ ಮೇಲಿದ್ದ ಹೆಸರು ಓದೋಕೆ, ಓದಿಸೋಕೆ. ಅಸ್ಪೃಶ್ಯನಿಗೆ ಕೈಲಾಗದು ಅಂದವರ ಮುಂದೆ ಹೆಸರು ಹಿಡಿದು ತೋರಿಸೋಕೆ. 1941ರಲ್ಲಿ ಮಹಾರ್ ರೆಜಿಮೆಂಟ್ ಆಯಿತು. ಅದರ ಮೊದಲ ಲಾಂಛನದಲ್ಲಿ ಇದ್ದದ್ದು ಅದೇ ಕಂಬ.

ಹಾಗಾಗಿ ಸಿಟ್ಟಾದ ಗೆಳೆಯನಿಗೆ ನನ್ನ ಮಾತು ಇಷ್ಟು. ಬಿಲ್ಲೆಯ ಎರಡು ಮುಖ ಕೊಟ್ಟವನದು. ರಾಜನ ತಲೆ, ಸಿಂಹ, ಬೆತ್ತಲೆ ಸವಾರ ಎಲ್ಲ ಅವನದು. ಅದನ್ನ ನೀನು ಉಗಿದರೂ ನಾನು ಬೇಡ ಅನ್ನಲ್ಲ. ಅಂಚು ಮಾತ್ರ ನಮ್ಮವನದು. ಉಗಿಯೋ ಮುಂಚೆ ಅದನ್ನ ಓದು.

ಬಿಲ್ಲೆ ಅಂದಾಗ ನೆನಪಾಯ್ತು. ನಮ್ಮ ಜನ ಬಹಳ ಕಾಲ ಎದೆಗೆ, ತೋಳಿಗೆ ಕಟ್ಟಿಕೊಂಡದ್ದು ಪದಕ ಅಲ್ಲ, ಹಿತ್ತಾಳೆ ಬಿಲ್ಲೆ. ಕಚೇರಿ ಜವಾನನ ಬಿಲ್ಲೆ. ರೈಲ್ವೆ ಸ್ಟೇಷನ್ನಿನ ಕೂಲಿಯ ಬಿಲ್ಲೆ. ನಮ್ಮ ಬೀರೂರು ಜಂಕ್ಷನ್ ನೆನಪಿಸಿಕೊಳ್ಳಿ. ಒಂದು ಹಳಿ ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ ಹೋಗೋ ಜಾಗ. ಅಂಥ ಸ್ಟೇಷನ್ನಿನಲ್ಲಿ ಹೆಗಲು ಸವೆಸಿದ ಕೂಲಿಯ ತೋಳಿನ ಬಿಲ್ಲೆಯಲ್ಲಿ ನಂಬರು ಇರುತ್ತೆ. ಜನ ಅವನನ್ನ ಕರೆಯೋದು ‘ಕೂಲಿ’ ಅಂತಲೇ. ಇಂಥ ಬಿಲ್ಲೆಯನ್ನ ಕೆಂಪು ಬಟ್ಟೆ ಮೇಲೆ, ಗಾಜಿನೊಳಗೆ ಇಟ್ಟದ್ದನ್ನ ನಾನಂತೂ ನೋಡಿಲ್ಲ. ಕೊಲ್ಲೋಕೆ ಹೋದವನ ಬಿಲ್ಲೆ ಚರಿತ್ರೆಯಾದರೆ ಹೊರೋಕೆ ಹೋದವನ ಬಿಲ್ಲೆ ಯಾಕೆ ಗುಜರಿ?

ಈಗಿನ ಪದಕಗಳ ಬಗ್ಗೆಯೂ ಒಂದು ಮಾತು. ಬಾಬಾಸಾಹೇಬರಿಗೆ ಭಾರತರತ್ನ ಕೊಟ್ಟದ್ದು 1990ರಲ್ಲಿ. ಅವರು ತೀರಿಕೊಂಡದ್ದು 1956ರಲ್ಲಿ. 34 ವರ್ಷ. ಏಪ್ರಿಲ್ 14ರಂದು ಅದನ್ನ ಕೈಗೆ ತೆಗೆದುಕೊಂಡದ್ದು ಸವಿತಾ ಅಂಬೇಡ್ಕರ್. ಆ ಪದಕ ಅರಳಿ ಎಲೆಯ ಆಕಾರದಲ್ಲಿದೆ. ಅರಳಿ ಅಂದರೆ ಬುದ್ಧನಿಗೆ ಬೋಧಿಯಾದ ಮರ. ಬೌದ್ಧನಾಗಿ ತೀರಿಕೊಂಡವನಿಗೆ ಬೋಧಿಯ ಎಲೆ ತಲುಪೋಕೆ ಅಷ್ಟು ವರ್ಷ ಹಿಡೀತು. ಇನ್ನೊಂದು ಗೊತ್ತಾ, ಆ ಎಲೆಯ ಮೈ ಕಂಚಿನದು. ಅಂಚು, ಸೂರ್ಯ ಮಾತ್ರ ಪ್ಲಾಟಿನಂ. ನಮ್ಮ ತಾತನ ತಾತನಿಗೆ ಕೀಳು ಅಂತ ಕೊಟ್ಟ ಲೋಹವೇ ದೇಶದ ಅತಿ ದೊಡ್ಡ ಗೌರವದ ಮೈಯಾಗಿದೆ. ಕಂಚು ಕೀಳಲ್ಲ ಅಂತಾಯ್ತು. ಅದನ್ನ ಹಂಚಿದ ಕೈ ಕೀಳು ಮಾಡಿತ್ತು.

ಪದಕವನ್ನ ವಾಪಸು ಕೊಡೋದೂ ಒಂದು ಮಾತೇ. 1920ರಲ್ಲಿ ಗಾಂಧೀಜಿ ಕೈಸರ್-ಇ-ಹಿಂದ್ ಚಿನ್ನದ ಪದಕವನ್ನ, ಯುದ್ಧಗಳಲ್ಲಿ ಗಾಯಾಳುಗಳನ್ನ ಹೊತ್ತದ್ದಕ್ಕೆ ಸಿಕ್ಕಿದ ಪದಕಗಳನ್ನ ವಾಪಸು ಕಳಿಸಿದರು. 2015ರಲ್ಲಿ ನಮ್ಮ ದೇವನೂರ ಮಹಾದೇವ ಅವರು ಪದ್ಮಶ್ರೀಯನ್ನೂ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ವಾಪಸು ಮಾಡಿದರು. ವಾಪಸು ಕೊಡೋಕೆ ಮೊದಲು ಕೈಯಲ್ಲಿ ಇರಬೇಕು. ನಮ್ಮ ಮನೆಯವರಿಗೆ ಆ ಅವಕಾಶವೂ ಬರಲಿಲ್ಲ, ರಾಗಿ ಅದನ್ನ ಮೊದಲೇ ತೆಗೆದುಕೊಂಡಿತ್ತು.

ಹಾಗಾದರೆ ಏನು ಮಾಡೋಣ? ಗಾಜು ಒಡೆಯೋಣ ಅಂತ ನಾನು ಹೇಳಲ್ಲ. ಚೀಟಿ ಬದಲಾಗಬೇಕು ಅಂತೀನಿ. ಪದಕ ಇಟ್ಟಲ್ಲೆಲ್ಲ ಯಾವ ಲೋಹ, ಅದೇ ಪದಕ ಬೇರೆಯವರಿಗೆ ಯಾವ ಲೋಹದಲ್ಲಿ ಹೋಯಿತು, ಅಂಚಿನಲ್ಲಿ ಯಾರ ಹೆಸರಿದೆ ಅಂತ ಕನ್ನಡದಲ್ಲಿ ಬರೆಯಬೇಕು. ಅಂಚು ಕಾಣೋ ಹಾಗೆ ಪದಕವನ್ನ ನಿಲ್ಲಿಸಿ ಇಡಬೇಕು. ಪಕ್ಕದಲ್ಲೇ ಕೂಲಿಯ ಬಿಲ್ಲೆ, ಜವಾನನ ಬಿಲ್ಲೆ ಇಡಬೇಕು. ಇದಕ್ಕೆ ದುಡ್ಡು ಬೇಕಿಲ್ಲ, ಮನಸ್ಸು ಬೇಕು. ಅರ್ಜಿ ಬರೆಯೋಣ, ಎಲ್ಲರೂ ಸಹಿ ಹಾಕೋಣ.

ಅದಕ್ಕಿಂತ ಮುಂಚೆ ನಮ್ಮ ಕೈಯಲ್ಲೇ ಆಗೋ ಕೆಲಸ ಒಂದಿದೆ. ಮುಂದಿನ ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ತಗೊಂಡು ಹೋಗಿ. ಅಜ್ಜಿಯನ್ನ, ದೊಡ್ಡಪ್ಪನನ್ನ, ಕೇರಿಯ ಹಿರಿಯರನ್ನ ಕೇಳಿ. ಯಾರು ದಂಡಿಗೆ ಹೋಗಿದ್ದರು, ಯಾರು ರೈಲುಹಳಿ ಹಾಕಿದರು, ಯಾರು ಕಾವಲಿನ ದನ ಕಾದರು, ಯಾರು ತೋಟಿ ತಳವಾರಿಕೆ ಮಾಡಿದರು, ಅದಕ್ಕೆ ನೆಲ ಸಿಕ್ಕಿತ್ತಾ, ಸಿಕ್ಕ ನೆಲ ಈಗ ಯಾರ ಕೈಯಲ್ಲಿದೆ. 1961ರ ಕಾಯ್ದೆಯಲ್ಲಿ ಗ್ರಾಮ ಹುದ್ದೆಗಳು ರದ್ದಾದಾಗ ಆ ಜಮೀನು ಹುದ್ದೆಯಲ್ಲಿದ್ದವರಿಗೇ ಮಂಜೂರಾಗಬೇಕು ಅಂತಾಯ್ತು. ಪರಿಶಿಷ್ಟರಿಗೆ ಮಂಜೂರಾದ ಭೂಮಿ ಕೈ ತಪ್ಪಿದ್ದರೆ ಬಿಡಿಸಿಕೊಡೋಕೆ 1978ರ ಕಾಯ್ದೆ ಇದೆ. ಹೆಸರು ಹುಡುಕ್ತಾ ಹೋದರೆ ನೆಲದ ದಾರಿಯೂ ಸಿಗುತ್ತೆ. ನಮ್ಮ ನೆತ್ತರುಗೊಡಗೆಯನ್ನ ನಾವೇ ಹುಡುಕಿಕೊಳ್ಳಬೇಕು.

ಯಾರ ಮನೆಯಲ್ಲಾದರೂ ಹಳೇ ಬಿಲ್ಲೆ ಇದ್ದರೆ ಅಡ ಇಡಬೇಡಿ, ಗುಜರಿಗೆ ಹಾಕಬೇಡಿ. ಅಂಚನ್ನ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಬೆಳಕಿಗೆ ಹಿಡಿದು ಓದಿ. ಓದಿದ ಹೆಸರನ್ನ ನೋಟ್‌ಬುಕ್ಕಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ.

ನಮ್ಮ ಅಜ್ಜಿಗೆ ಮೊನ್ನೆ ಕೇಳಿದೆ, ಆ ತಾತನ ಹೆಸರೇನು ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಬಸ್ರದಯ್ಯ ಅಂತಿದ್ರು ಕಣ್ಲಾ ಎಲ್ರೂ. ದಿಟದ ಹೆಸ್ರು ಏನೋ, ಯಾರೂ ಕೇಳ್ಲೇ ಇಲ್ವಲ್ಲೋ ಮಗ’ ಅಂದಳು.

ನನ್ನ ನೋಟ್‌ಬುಕ್ಕಿನ ಮೊದಲ ಸಾಲು ಇನ್ನೂ ಖಾಲಿ ಇದೆ. ನಿಮ್ಮದು ಖಾಲಿ ಆಗೋ ಮುಂಚೆ ಹೋಗಿ ಕೇಳಿ.

ಜೈಭೀಮ್.